ಅಜ್ಜಂಪುರ: ಅಮೃತ್ ಮಹಲ್ ಕಾವಲು, ಹರಾಜು, ಪಳಗಿಸುವ ಬಗೆ – ಗೊತ್ತಿದ್ದವರು ಬರೆಯಿರಿ

ಕಾವಲಂಚು:
ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ರೈಲಿನಲ್ಲಿ ಹೋದರೆ ನಡುವೆ ಸಿಗುವ ಸಣ್ಣ ಊರು ಅಜ್ಜಂಪುರ. ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಅತ್ತ ಮಲೆನಾಡೂ ಅಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಕಪ್ಪು ಮಣ್ಣು, ಈರುಳ್ಳಿ, ರಾಗಿ, ಜೋಳ, ಈಚೆಗೆ ಅಡಿಕೆ. ಸಾಹಿತ್ಯ ಓದುವವರಿಗೆ ಕಥೆಗಾರ ‘ಆನಂದ’ ಅಂದರೆ ಅಜ್ಜಂಪುರ ಸೀತಾರಾಮ್ ಅವರಿಂದ ಗೊತ್ತು. ದನ ಕಟ್ಟುವವರಿಗೆ ಗೊತ್ತಿರುವುದು ಮಾತ್ರ ಒಂದೇ ಕಾರಣಕ್ಕೆ: ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು ಇಲ್ಲಿ. 1929ರಿಂದ ಇದೆ.

ಈ ಊರಿನ ದನದ ಬದುಕಿನ ಬಗ್ಗೆ ಸಿಗುವ ಬರಹಗಳಲ್ಲಿ ‘ಟಿಪ್ಪು ಸುಲ್ತಾನ್ ಬೆಳೆಸಿದ ತಳಿ’ ಅನ್ನುವ ಒಂದು ಸಾಲು, ಹರಾಜಿನ ದಿನದ ಒಂದು ಫೋಟೊ, ಅಷ್ಟೇ. ಕಾವಲು, ಅಂದರೆ ಈ ದನಗಳಿಗೆಂದೇ ಮೀಸಲಿಟ್ಟ ಹುಲ್ಲುಗಾವಲು, ಹೇಗೆ ನಡೆಯುತ್ತಿತ್ತು, ಹರಾಜಿನಲ್ಲಿ ಏನು ನೋಡಬೇಕು, ತಂದ ಹೋರಿಯನ್ನು ಹೇಗೆ ನೊಗಕ್ಕೆ ಹಾಕಬೇಕು ಅನ್ನುವುದು ಒಂದೇ ಕಡೆ ಸಿಗುವುದಿಲ್ಲ. ಸ್ವಂತ ಕಥೆ ಬೇಡ, ಕೆಲಸಕ್ಕೆ ಬರುವ ವಿವರ ಬರೆಯಿರಿ.

ಹಳೇಕಡತ:
ಒಳ್ಳೆ ಕೆಲಸ ಅಣ್ಣ. ಮೊದಲು ಆ ಒಂದು ಸಾಲನ್ನೇ ತಿದ್ದೋಣ. ‘ಅಮೃತ್ ಮಹಲ್’ ಅನ್ನುವ ಹೆಸರು ಟಿಪ್ಪು ಇಟ್ಟಿದ್ದು. ಹಿಂಡು ಅವನಿಗಿಂತ ಬಹಳ ಹಳೆಯದು.

ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಪ್ರತಿನಿಧಿಗಳು ಹಸುಗಳ ಹಿಂಡು ಸಾಕಿಸಿದ್ದರು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂದಾಗ ಆ ಹಿಂಡೂ ಬಂತು. ಒಡೆಯರ ಕಾಲದಲ್ಲಿ ಅದು ‘ಕರುಹಟ್ಟಿ’. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದನ್ನು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿದರು, ರಾಜ್ಯದ ಬೇರೆ ಬೇರೆ ಕಡೆ ಹಿಂಡಿಗೆಂದು ಕಾವಲುಗಳನ್ನು ಮೀಸಲಿಟ್ಟರು, ದನಗಳ ಮೈಮೇಲೆ ತಮ್ಮ ಹೆಸರಿನ ‘ದೇ’ ಅಕ್ಷರದ ಬರೆ ಹಾಕಿಸಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಲೆಕ್ಕದಲ್ಲಿ ಶುರುವಾದದ್ದು ಅಂತ ಆ ಹೆಸರೇ ಹೇಳುತ್ತದೆ.

ಹೈದರಲಿ ಪಾಳೆಯಗಾರರನ್ನು ಸೋಲಿಸಿದಾಗಲೆಲ್ಲ ಅವರ ದನಗಳನ್ನೂ ಸೇರಿಸಿಕೊಂಡ. ಹಾಗಾಗಿ ಇದರಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಮೂರೂ ಕಡೆಯ ರಕ್ತ ಇದೆ. ಬೆಣ್ಣೆಯ ಹಿಂಡು ಫಿರಂಗಿ ಎಳೆಯುವ ಹಿಂಡಾದದ್ದು ಆಗಲೇ. ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರಂ ತಲುಪಿದ್ದು, ಟಿಪ್ಪು ಬ್ರಿಟಿಷ್ ಸೇನಾಪತಿ ಮೆಡೋಸ್‌ನ ಸೈನ್ಯದ ಕಣ್ಣೆದುರೇ ಎರಡು ದಿನದಲ್ಲಿ 63 ಮೈಲಿ ಸಾಗಿದ್ದು, ಒಂದು ತಿಂಗಳಲ್ಲಿ ಪರ್ಯಾಯ ದ್ವೀಪ ದಾಟಿ ಬಿದನೂರು ಮರಳಿ ಪಡೆದದ್ದು, ಇವೆಲ್ಲ ಈ ಎತ್ತುಗಳ ಬಲದಿಂದ ಅಂತ ಮೈಸೂರು ಗೆಜೆಟಿಯರಿನಲ್ಲೇ ದಾಖಲಾಗಿದೆ. ಟಿಪ್ಪು ಮಾಡಿದ ದೊಡ್ಡ ಕೆಲಸ ಹುಕುಂನಾಮೆ: ಇಲಾಖೆ ಹೇಗೆ ನಡೆಯಬೇಕು, ವರ್ಷಕ್ಕೊಮ್ಮೆ ದನಗಳ ಎಣಿಕೆ ಹೇಗೆ ಆಗಬೇಕು ಅನ್ನುವ ನಿಯಮಾವಳಿ.

1799ರ ನಂತರ ಹಿಂಡು ಬ್ರಿಟಿಷರ ಸೈನ್ಯದ ಸರಬರಾಜಿಗೆ ಹೋಯಿತು, ಹುಣಸೂರು ಅದರ ಮುಖ್ಯ ಠಾಣೆ. 1860ರಲ್ಲಿ ಮದ್ರಾಸಿನ ಗವರ್ನರ್ ಟ್ರೆವೆಲಿಯನ್ ಖರ್ಚು ಉಳಿಸುವುದಕ್ಕೆಂದು ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದ. ಸೈನ್ಯಕ್ಕೆ ತಕ್ಕ ಎತ್ತು ಪೇಟೆಯಲ್ಲಿ ಸಿಗುವುದಿಲ್ಲ ಅಂತ ಆರು ವರ್ಷದಲ್ಲಿ ಅರಿವಾಯಿತು. 1866ರಲ್ಲಿ ಚೆದುರಿದ ದನಗಳನ್ನು ಹುಡುಕಿ ಮತ್ತೆ ಕಟ್ಟಬೇಕಾಯಿತು. 1882ರ ಹೊತ್ತಿಗೆ ಮೈಸೂರು ಸರ್ಕಾರಕ್ಕೆ ಬಂತು. ಈಗ ಪಶುಸಂಗೋಪನಾ ಇಲಾಖೆಯದು.

ಒಮ್ಮೆ ಮಾರಿ, ಮತ್ತೆ ಹುಡುಕಿ ಕಟ್ಟಿದ ಹಿಂಡು ಇದು. 1866ರಲ್ಲಿ ಅದು ಸಾಧ್ಯವಾದದ್ದು ಕಾವಲುಗಳು ಇನ್ನೂ ಇದ್ದವು ಅನ್ನುವ ಕಾರಣಕ್ಕೆ.

ಕರಡಹುಲ್ಲು:
ಹಳೇಕಡತ ಸರ್ ಕೊನೆಯಲ್ಲಿ ಹೇಳಿದ್ದೇ ಮೂಲ ವಿಷಯ. ಕಾವಲು ಅಂದರೆ ‘ಖಾಲಿ ಬಿದ್ದ ಗೋಮಾಳ’ ಅಂತ ತಿಳಿದವರೇ ಹೆಚ್ಚು. ಹಾಗಲ್ಲ. ಕಾವಲುಗಳಲ್ಲಿ ಮೂರು ಬಗೆ ಇದ್ದವು: ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು.

ಮಳೆಗಾಲದ ಕಾವಲು ಎತ್ತರದ, ನೀರು ನಿಲ್ಲದ ಬಯಲು. ಮುಂಗಾರು ಬಿದ್ದು ಹುಲ್ಲು ಚಿಗುರಿದ ಮೇಲೆ ದನ ಅಲ್ಲಿಗೆ. ತಗ್ಗಿನಲ್ಲಿ ಬಿಟ್ಟರೆ ಗೊರಸು ಕೊಳೆಯುತ್ತದೆ, ಒದ್ದೆ ಹುಲ್ಲಿನ ಜೊತೆ ಜಂತು ಹೊಟ್ಟೆಗೆ ಹೋಗುತ್ತದೆ. ಚಳಿಗಾಲದಲ್ಲಿ ಕರಡ ಹುಲ್ಲು ಒಣಗಿ ನಿಂತ ಕಾವಲು. ಬೇಸಿಗೆ ಕಾವಲೇ ಎಲ್ಲಕ್ಕಿಂತ ಬೆಲೆಯುಳ್ಳದ್ದು: ಕೆರೆಯಂಗಳ, ಮರದ ನೆರಳು, ಏಪ್ರಿಲ್‌ನಲ್ಲೂ ಬತ್ತದ ನೀರು. ಒಂದು ಮಳೆ ಬಿದ್ದರೆ ಕೆರೆಯಂಗಳದಲ್ಲಿ ಗರಿಕೆ ಮೊದಲು ಚಿಗುರುತ್ತದೆ. ಹಿಂಡಿಗೆ ನೂರಾರು ಎಕರೆ ಮಳೆಗಾಲದ ಹುಲ್ಲಿದ್ದರೂ ಬೇಸಿಗೆಯ ಒಂದು ಕೆರೆಯಂಗಳ ಇಲ್ಲದಿದ್ದರೆ ಮೇ ತಿಂಗಳಲ್ಲಿ ಕರು ಸಾಯುತ್ತವೆ. ಆದ್ದರಿಂದ ಕಾವಲಿನ ಲೆಕ್ಕ ಎಕರೆಯಲ್ಲಿ ಹಾಕುವುದೇ ತಪ್ಪು, ಋತುವಿನಲ್ಲಿ ಹಾಕಬೇಕು.

ಹಿಂದೆ ಮೈಸೂರು ಸೀಮೆಯಲ್ಲಿ 4 ಲಕ್ಷ ಎಕರೆಗೂ ಹೆಚ್ಚು ಅಮೃತ್ ಮಹಲ್ ಕಾವಲಿತ್ತು. ಹಂಚಿಕೆಯಾಗಿ, ಒತ್ತುವರಿಯಾಗಿ, ನೆಡುತೋಪಾಗಿ, ಯೋಜನೆಗಳಿಗೆ ಹೋಗಿ ಇಲಾಖೆ ಕೈಯಲ್ಲಿ ಉಳಿದದ್ದು ಸಣ್ಣ ಪಾಲು. ಅಜ್ಜಂಪುರದ ಸುತ್ತ ಬಾಸೂರು, ಬೀರೂರು, ಲಿಂಗದಹಳ್ಳಿ ಕಡೆಯ ಕಾವಲುಗಳೇ ಈಗ ಹಿಂಡಿಗೆ ಆಧಾರ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದರು, ಅಲ್ಲಿ ಕೃಷ್ಣಮೃಗಗಳಿವೆ. ದನ ಮೇಯದೆ ಬಿಟ್ಟರೆ ಆ ಬಯಲು ಜಾಲಿ ಪೊದೆಯಾಗುತ್ತದೆ, ಕೃಷ್ಣಮೃಗಕ್ಕೂ ಜಾಗ ಇರುವುದಿಲ್ಲ. ಬಳ್ಳಾರಿ ಜಾಲಿ, ಲಂಟಾನ, ಪಾರ್ಥೇನಿಯಂ ಮೂರೂ ಹುಲ್ಲಿನ ಶತ್ರುಗಳು. ಜಾಲಿಯನ್ನು ಬುಡಕ್ಕೆ ಕಡಿದು ಬಿಟ್ಟರೆ ಎರಡು ಪಟ್ಟು ಚಿಗುರುತ್ತದೆ, ಬೇರು ಸಮೇತ ಕೀಳಬೇಕು, ಅದೂ ಕಾಯಿ ಬಲಿಯುವ ಮೊದಲು. ದನ ಕಾಯಿ ತಿಂದು ಸೆಗಣಿಯಲ್ಲಿ ಬೀಜ ಹಾಕಿದರೆ ಮುಂದಿನ ಮಳೆಗೆ ಕಾವಲು ತುಂಬ ಮುಳ್ಳು.

ನೊಗಜೋಡಿ:
ಹರಾಜಿನ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ದಾವಣಗೆರೆ, ಹಾವೇರಿ ಕಡೆಯಿಂದ ಹೋಗುವವರು ಬಹಳ. ಮೊದಲ ಸಲ ಹೋಗುವವನು ಏನು ನೋಡಬೇಕು?

ಬಲಗೋಲು:
ಹರಾಜು ವರ್ಷಕ್ಕೊಮ್ಮೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಠೇವಣಿ ಎಷ್ಟು, ಯಾವ ದಾಖಲೆ ಬೇಕು ಅನ್ನುವುದು ಆಯಾ ವರ್ಷದ ಪ್ರಕಟಣೆಯಲ್ಲೇ ಇರುತ್ತದೆ, ಹೋದ ವರ್ಷದ್ದನ್ನು ನಂಬಿಕೊಂಡು ಹೋಗಬೇಡಿ. ಗಂಡುಗಳನ್ನು ಹೆಚ್ಚಾಗಿ ಜೋಡಿ ಮಾಡಿಯೇ ಕೂಗುತ್ತಾರೆ. ಹಿಂದಿನ ದಿನವೇ ಹೋಗಿ ನೋಡಿ. ಕೂಗಿನ ಹೊತ್ತಿಗೆ ಜನದ ಗದ್ದಲಕ್ಕೆ ದನ ಬೆದರಿ ಒಂದರ ಮೇಲೊಂದು ಬೀಳುತ್ತಿರುತ್ತವೆ, ಆಗ ನಡಿಗೆ ಕಾಣುವುದಿಲ್ಲ.

ಬೇರೆ ಜಾತ್ರೆಗೂ ಇದಕ್ಕೂ ಇರುವ ವ್ಯತ್ಯಾಸ ಇದು: ಘಾಟಿಯಲ್ಲೋ ಬೇರೆ ದನದ ಜಾತ್ರೆಯಲ್ಲೋ ಬಾಯಿ ಬಿಡಿಸಿ ಹಲ್ಲು ನೋಡಬಹುದು, ಬೆನ್ನು ಒತ್ತಬಹುದು, ಟವಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡಬಹುದು. ಇಲ್ಲಿ ದನ ಹಗ್ಗವನ್ನೇ ಕಂಡಿಲ್ಲ. ಬೇಲಿಯ ಆಚೆ ನಿಂತು ಕಣ್ಣಿನಲ್ಲೇ ಅಳೆಯಬೇಕು.

ನೋಡುವ ಕ್ರಮ ಹೀಗೆ. ಮೊದಲು ಹಿಂದಿನಿಂದ: ನಡೆಯುವಾಗ ಹಿಂಗಾಲಿನ ಮಂಡಿಗಳು ಒಂದಕ್ಕೊಂದು ಉಜ್ಜಬಾರದು. ಆಮೇಲೆ ಪಕ್ಕದಿಂದ: ಬೆನ್ನು ನೇರ, ಹೊಟ್ಟೆ ಜೋತು ಬೀಳದೆ ಮೇಲಕ್ಕೆ ಕಟ್ಟಿರಬೇಕು, ಹಿಂಗಾಲಿನ ಗೊರಸು ಮುಂಗಾಲು ಇಟ್ಟ ಜಾಗದ ಹತ್ತಿರಕ್ಕೇ ಬೀಳಬೇಕು. ಗೊರಸು ಕಪ್ಪಗೆ, ಚಿಕ್ಕದಾಗಿ, ಎರಡೂ ಹೋಳು ಸೇರಿಕೊಂಡಿರಬೇಕು. ಹೋಳು ಅಗಲಿದ್ದರೆ ಗಟ್ಟಿ ನೆಲದಲ್ಲಿ ಬೇಗ ಸವೆಯುತ್ತದೆ. ಕೊನೆಗೆ ಮುಖ: ಉಬ್ಬಿದ ಹಣೆ, ನಡುವೆ ಗೀರು ಎಳೆದಂಥ ತಗ್ಗು, ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೇಲೆದ್ದ ಕೋಡು, ತುದಿ ಕಪ್ಪು. ವಯಸ್ಸಾದವುಗಳಲ್ಲಿ ಕೋಡಿನ ತುದಿಗಳು ಒಂದಕ್ಕೊಂದು ತಾಗುವುದೂ ಉಂಟು. ಕಿವಿ ಚಿಕ್ಕದು, ಮೊನಚು. ಗಂಗೆದೊಗಲು, ಅಂದರೆ ಕತ್ತಿನ ಕೆಳಗೆ ಜೋತ ಚರ್ಮ, ತೆಳು.

ಜೋಡಿಯಲ್ಲಿ ಬಣ್ಣ ಹೊಂದುವುದಕ್ಕಿಂತ ಎತ್ತರ ಹೊಂದುವುದು ಮುಖ್ಯ. ಹೆಗಲಿನ ಎತ್ತರದಲ್ಲಿ ಎರಡು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ನೊಗ ವಾಲಿ ಗಿಡ್ಡದರ ಹೆಗಲು ಬಾಯುತ್ತದೆ. ಇನ್ನೊಂದು, ಸ್ವಭಾವ. ಒಂದು ಚುರುಕು ಒಂದು ಮಂದ ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಎರಡೂ ಕೆಡುತ್ತವೆ. ಬೇಲಿ ಹತ್ತಿರ ಟವಲ್ ಬೀಸಿ ನೋಡಿ: ಎರಡೂ ಒಟ್ಟಿಗೆ ತಲೆ ಎತ್ತಿ ಕಿವಿ ನಿಮಿರಿಸಿ ನಿಂತರೆ ಸರಿ. ಒಂದು ಓಡಿ ಒಂದು ನಿಂತರೆ ಬೇರೆ ಜೋಡಿ ನೋಡಿ.

ನೊಗಜೋಡಿ:
ಸುಳಿ (ಮೈಮೇಲಿನ ಕೂದಲ ಸುತ್ತು) ನೋಡುವುದು ಬರೆಯಲಿಲ್ಲವಲ್ಲ ಅಣ್ಣ?

ಬಲಗೋಲು:
ಬೇಕೆಂದೇ ಬಿಟ್ಟೆ. ಸುಳಿ ಸರಿಯಿಲ್ಲ ಅಂತ ಬಿಟ್ಟ ಹೋರಿ ಅದೇ ಕಾಲು, ಅದೇ ಬೆನ್ನಿನಲ್ಲಿ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತದೆ. ಆದರೆ ಮುಂದೆ ಮಾರುವಾಗ ಕೊಳ್ಳುವವನು ಸುಳಿ ನೋಡುತ್ತಾನೆ, ರೇಟು ಇಳಿಸುತ್ತಾನೆ, ಅದು ನಿಜ. ಮಾರುವ ಯೋಚನೆ ಇದ್ದವರು ನೋಡಿಕೊಳ್ಳಲಿ, ಉಳುವವರು ಗೊರಸು ನೋಡಲಿ.

ದನದಡಾಕ್ಟರು:
ಎತ್ತರದ ವಿಷಯ ನೂರಕ್ಕೆ ನೂರು ಸರಿ. ತಂದ ಮೇಲಿನ ಮೊದಲ ಮೂರು ವಾರದ ಬಗ್ಗೆ ಬರೆಯುತ್ತೇನೆ, ಹೆಚ್ಚು ನಷ್ಟ ಆಗುವುದು ಅಲ್ಲೇ.

ಸಾಗಿಸುವಾಗ: ಲಾರಿ ನೆಲಕ್ಕೆ ಆರು ಅಂಗುಲ ಹುಲ್ಲು ಅಥವಾ ಮರಳು ಹಾಸಿ. ಬರೀ ತಗಡಿನ ಮೇಲೆ ಜಾರಿ ಬಿದ್ದರೆ ಸೊಂಟ ಮುರಿಯುತ್ತದೆ. ಬಿಸಿಲಿಗೆ ಮೊದಲು ಹೊರಡಿ. ಪಶುವೈದ್ಯರ ಪ್ರಮಾಣಪತ್ರ, ಖರೀದಿ ರಸೀದಿ ಎರಡೂ ಗಾಡಿಯಲ್ಲೇ ಇರಲಿ. ಕಾವಲಿನಲ್ಲಿ ಹುಲ್ಲು ಬಿಟ್ಟು ಬೇರೆ ತಿನ್ನದ ದನಕ್ಕೆ ಮನೆಗೆ ಬಂದ ದಿನವೇ ಹಿಂಡಿ, ಹುರುಳಿ, ಬೂಸಾ ಸುರಿಯಬೇಡಿ. ಹೊಟ್ಟೆಯಲ್ಲಿ ಹುಳಿಯಾಗಿ ಉಬ್ಬರ ಬರುತ್ತದೆ. ಮೊದಲ ವಾರ ಒಣ ಹುಲ್ಲು, ನೀರು, ಉಪ್ಪು. ಎರಡನೇ ವಾರದಿಂದ ದಿನಕ್ಕೆ ಕಾಲು ಕೆ.ಜಿ. ನೆನೆಸಿದ ಹುರುಳಿ, ವಾರಕ್ಕೆ ಕಾಲು ಕೆ.ಜಿ. ಹೆಚ್ಚಿಸುತ್ತ ಒಂದು, ಒಂದೂವರೆ ಕೆ.ಜಿ.ಗೆ ನಿಲ್ಲಿಸಿ.

ಮನೆಯ ಬೇರೆ ದನದಿಂದ 21 ದಿನ ದೂರ ಕಟ್ಟಿ, ಬಕೆಟ್ಟು ಕೂಡ ಬೇರೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಸರ್ಕಾರವೇ ಉಚಿತವಾಗಿ ಹಾಕುತ್ತದೆ. ಚಪ್ಪೆ ರೋಗ, ಗಳಲೆ ರೋಗಗಳ ಲಸಿಕೆ ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮುಂಚೆ. ಮಳೆ ಬಿದ್ದ ಮೇಲೆ ಹಾಕಿಸಿದರೆ ರಕ್ಷಣೆ ಬರುವುದಕ್ಕೇ ಎರಡು ಮೂರು ವಾರ ಹಿಡಿಯುತ್ತದೆ, ಚಪ್ಪೆ ರೋಗಕ್ಕೆ ಅಷ್ಟು ಸಮಯ ಸಾಕು. ಚೆನ್ನಾಗಿ ಮೈ ಕಟ್ಟಿದ ಎಳೆ ದನಗಳನ್ನೇ ಅದು ಹಿಡಿಯುತ್ತದೆ: ತೊಡೆಯ ಮೇಲೆ ಬಾವು, ಒತ್ತಿದರೆ ಚರಚರ ಸದ್ದು, ಒಂದೆರಡು ದಿನದಲ್ಲಿ ಸಾವು. ಚರ್ಮಗಂಟು ರೋಗ 2022ರಲ್ಲಿ ರಾಜ್ಯದಲ್ಲಿ ಬಹಳ ದನಗಳನ್ನು ತಿಂದಿತು. ಅದು ಹರಡುವುದು ನೊಣ, ಸೊಳ್ಳೆ, ಉಣ್ಣೆಯಿಂದ. ಆಡಿನ ಸಿಡುಬಿನ ಲಸಿಕೆಯನ್ನೇ ಅದಕ್ಕೂ ಬಳಸುತ್ತಾರೆ.

ವಯಸ್ಸಿನ ಲೆಕ್ಕ ಗೊತ್ತಿಲ್ಲದವರಿಗೆ: ಹಾಲಹಲ್ಲು ಅಂದರೆ ಎರಡು ವರ್ಷದ ಒಳಗೆ. ಎರಡು ಹಲ್ಲು ಎರಡು, ಎರಡೂವರೆ ವರ್ಷಕ್ಕೆ. ನಾಲ್ಕು ಹಲ್ಲು ಮೂರರ ಆಸುಪಾಸು. ಆರು ಹಲ್ಲು ನಾಲ್ಕರ ಹತ್ತಿರ. ಬಾಯಿ ಗೂಡುವುದು, ಅಂದರೆ ಎಂಟೂ ಹಲ್ಲು ಬರುವುದು, ನಾಲ್ಕೂವರೆ, ಐದಕ್ಕೆ.

ಬಲಗೋಲು:
ಡಾಕ್ಟರ್ ಸರ್ ಬರೆದ ಮೂರು ವಾರದಲ್ಲೇ ಪಳಗಿಸುವ ಕೆಲಸವೂ ಶುರುವಾಗುತ್ತದೆ. ಇದರಲ್ಲಿ ಅವಸರ ಮಾಡಿದವರ ಜೋಡಿ ಹಾಯುವ ಜೋಡಿಯೇ ಆಗುವುದು.

ಗೂಟ ಮೊದಲು. ಮೂರು ಅಡಿ ಆಳಕ್ಕೆ ಹೂತ ಜಾಲಿ ಅಥವಾ ಬೇವಿನ ಗೂಟ. ಕಣ್ಣಿಯಿಂದ ಗೂಟಕ್ಕೆ ಎರಡೂವರೆ ಅಡಿ ಹಗ್ಗ, ಅಷ್ಟೇ. ಉದ್ದ ಬಿಟ್ಟರೆ ಮುಂಗಾಲು ಹಗ್ಗ ದಾಟಿ ಸಿಕ್ಕಿಹಾಕಿಕೊಳ್ಳುತ್ತದೆ, ಬೆದರಿ ಬಿದ್ದರೆ ಕಾಲು ಹೋಗುತ್ತದೆ. ನೈಲಾನ್ ಹಗ್ಗ ಬೇಡ, ಚರ್ಮ ಕೊಯ್ಯುತ್ತದೆ. ಕತ್ತಾಳೆ ಅಥವಾ ನೂಲಿನ ದಪ್ಪ ಹಗ್ಗ. ಎರಡು ಹೋರಿಗಳನ್ನೂ ಒಂದಕ್ಕೊಂದು ಕಾಣುವ ಹಾಗೆ ಕಟ್ಟಬೇಕು. ಹಿಂಡಿನಲ್ಲಿ ಬೆಳೆದ ದನ ಒಂಟಿಯಾದರೆ ಮೇವು ಬಿಡುತ್ತದೆ.

ಮೊದಲ ಎಂಟು ಹತ್ತು ದಿನ ಒಬ್ಬನೇ ಮೇವು ನೀರು ಕೊಡಬೇಕು, ಅದೇ ಬಟ್ಟೆ, ಅದೇ ದನಿ. ಮುಟ್ಟುವುದು ಬೇಡ, ಹತ್ತಿರ ಕೂತರೆ ಸಾಕು. ದನ ಮನುಷ್ಯನ ಎದುರಿಗೇ ಮಲಗಿ ಮೆಲುಕು ಹಾಕಿದರೆ ಒಂದು ಮೆಟ್ಟಿಲು ಹತ್ತಿದ ಹಾಗೆ. ಆಮೇಲೆ ಉದ್ದ ಕೋಲಿನ ತುದಿಗೆ ಗೋಣಿ ತುಂಡು ಕಟ್ಟಿ ದೂರದಿಂದ ಬೆನ್ನು ಸವರಿ. ಮೊದಲು ಒದೆಯುತ್ತದೆ, ಮೂರ್ನಾಲ್ಕು ದಿನದಲ್ಲಿ ನಿಲ್ಲುತ್ತದೆ. ಕೋಲು ದಿನದಿಂದ ದಿನಕ್ಕೆ ಗಿಡ್ಡ ಮಾಡುತ್ತ ಬಂದು ಕೊನೆಗೆ ಕೈ. ಇಣಿ (ಹೆಗಲ ಮೇಲಿನ ಗುಬ್ಬ), ಗಂಗೆದೊಗಲು, ಬಾಲದ ಬುಡ ಈ ಮೂರು ಕಡೆ ತುರಿಸಿದರೆ ಕತ್ತು ಚಾಚಿ ನಿಲ್ಲುತ್ತದೆ.

ಮೂಗುದಾರ ಹಾಕುವುದು ಮೈ ಮುಟ್ಟಲು ಬಿಟ್ಟ ಮೇಲೆಯೇ. ಮೂಗಿನ ಎರಡು ಹೊಳ್ಳೆಗಳ ನಡುವೆ ಬೆರಳು ಹಾಕಿ ಹಿಸುಕಿದರೆ ಎಲುಬಿಗಿಂತ ಮುಂದೆ ತೆಳು ಪರೆ ಸಿಗುತ್ತದೆ, ಅಲ್ಲೇ ಚುಚ್ಚಬೇಕು. ಹಿಂದಕ್ಕೆ ಹೋದರೆ ಮೆಲ್ಲೆಲುಬಿಗೆ ತಾಗಿ ವಾಸಿಯಾಗುವುದಿಲ್ಲ, ಮುಂದಕ್ಕೆ ಬಂದರೆ ಜಗ್ಗಿದಾಗ ಹರಿದುಹೋಗುತ್ತದೆ. ಚುಚ್ಚಿದ ಹತ್ತು ಹದಿನೈದು ದಿನ ಆ ದಾರಕ್ಕೆ ಹಗ್ಗ ಕಟ್ಟಿ ಎಳೆಯಬಾರದು. ದಿನಾ ಅತ್ತಿತ್ತ ಸರಿಸಿ ಬೇವಿನೆಣ್ಣೆ ಸವರಿ, ನೊಣ ಕೂರದು.

ನೊಗಕ್ಕೆ: ಸಾಧ್ಯವಾದರೆ ಒಂದು ಹಳೇ ಎತ್ತಿನ ಜೊತೆ ಒಂದೊಂದನ್ನೇ ಕಟ್ಟಿ ನಡೆಸಿ. ಯಾವುದು ಎಡಗೋಲು, ಯಾವುದು ಬಲಗೋಲು ಅಂತ ಮೊದಲ ದಿನವೇ ತೀರ್ಮಾನ ಮಾಡಿ, ಆಮೇಲೆ ಬದಲಿಸಬೇಡಿ. ಬರೀ ನೊಗ ಒಂದು ವಾರ. ಆಮೇಲೆ 20, 30 ಕೆ.ಜಿ. ಕೊರಡು, ಉತ್ತ ಮೆತ್ತನೆ ಹೊಲದಲ್ಲಿ, ಬೆಳಿಗ್ಗೆ ಅರ್ಧ ಗಂಟೆ. ಕೊರಡಾದ ಮೇಲೆ ಕುಂಟೆ. ಕುಂಟೆ ಆದ ಮೇಲೆ ನೇಗಿಲು. ಗಾಡಿ ಕೊನೆಗೆ. ಹಿಂದೆ ಗಾಲಿಯ ಸದ್ದು ಕೇಳಿ ಬೆದರಿದ ಜೋಡಿ ಮೂಕಿ ಮುರಿದುಕೊಂಡು ಓಡಿದರೆ ಮತ್ತೆ ಗಾಡಿ ಕಂಡರೆ ಸಾಕು ನಡುಗುತ್ತದೆ. ಮೆತ್ತನೆ ಹೊಲದಲ್ಲಿ ಓಡಿದರೆ ಬೇಗ ದಣಿದು ನಿಲ್ಲುತ್ತದೆ, ಗಟ್ಟಿ ರಸ್ತೆಯಲ್ಲಿ ಹಾಗಲ್ಲ. ಎಲ್ಲ ಸೇರಿ ಎರಡು ಮೂರು ತಿಂಗಳು ಬೇಕು.

ದನದಡಾಕ್ಟರು:
ಇದಕ್ಕೆ ಎರಡು ಮಾತು ಸೇರಿಸುತ್ತೇನೆ. ಬೀಜ ಒಡೆಸುವುದನ್ನು ಬರ್ಡಿಜ್ಜೊ ಇಕ್ಕಳದಿಂದ, ಅರಿವಳಿಕೆ ಕೊಟ್ಟು, ಪಶುವೈದ್ಯರಿಂದಲೇ ಮಾಡಿಸಿ. ಕಲ್ಲಿನಿಂದ ಜಜ್ಜುವ ಹಳೆ ಪದ್ಧತಿ ಹಿಂಸೆ, ಅದರಲ್ಲಿ ಕೀವಾಗಿ ಸತ್ತ ಹೋರಿಗಳು ಕಡಿಮೆಯಲ್ಲ. ತೀರ ಎಳೆತನದಲ್ಲಿ ಮಾಡಿಸಿದರೆ ಇಣಿ, ಕತ್ತು ಬೆಳೆಯುವುದಿಲ್ಲ. ಎರಡು, ನಾಲ್ಕು ಹಲ್ಲಿನ ಹೊತ್ತಿಗೆ, ನೊಣ ಕಡಿಮೆ ಇರುವ ಚಳಿಗಾಲದಲ್ಲಿ, ಆಮೇಲೆ ಎರಡು ವಾರ ಕೆಲಸ ಬೇಡ.

ಹೆಗಲು ಬಾವಿಗೆ ಔಷಧಿಗಿಂತ ಕಾರಣ ಹುಡುಕಿ. ಮಳೆಯಲ್ಲಿ ನೆನೆದ ಹೆಗಲ ಮೇಲೆ ನೊಗ ಇಟ್ಟಿದ್ದು, ಜತ್ತಿಗೆ (ಕತ್ತನ್ನು ನೊಗಕ್ಕೆ ಕಟ್ಟುವ ಪಟ್ಟಿ) ಬಿಗಿ ಮಾಡಿದ್ದು, ಗಾಡಿಯ ಭಾರ ಮುಂದಕ್ಕೆ ಹೇರಿದ್ದು, ಮೂರರಲ್ಲಿ ಒಂದು ಇದ್ದೇ ಇರುತ್ತದೆ. ನೊಗ ಬಿಡಿಸಿ, ಉಪ್ಪು ಹಾಕಿದ ಬಿಸಿನೀರಿನ ಶಾಖ ಕೊಡಿ. ಗಡ್ಡೆ ಕಟ್ಟುವ ತನಕ ಕೆಲಸಕ್ಕೆ ಹಚ್ಚಿದರೆ ಆಪರೇಷನ್ನೇ ದಾರಿ.

ಲಾಳಗಂಟು:
ಲಾಳದ ಬಗ್ಗೆ ಯಾರೂ ಬರೆದಿಲ್ಲ. ಎತ್ತಿಗೆ ಒಂದು ಕಾಲಿಗೆ ಎರಡು ಲಾಳ, ಒಟ್ಟು ಎಂಟು. ಜೋಡಿಗೆ ಹದಿನಾರು. ಎತ್ತನ್ನು ಹಗ್ಗ ಹಾಕಿ ಮೆತ್ತನೆ ಜಾಗದಲ್ಲಿ ಕೆಡವಿ, ನಾಲ್ಕು ಕಾಲು ಸೇರಿಸಿ ಕಟ್ಟಿ, ಉಳಿಯಲ್ಲಿ ಗೊರಸಿನ ತಳ ಸಮ ಮಾಡಿಕೊಂಡು ಹೊಡೆಯುವುದು. ಮೊಳೆ ಹೊರಮುಖವಾಗಿ ಹೋಗಿ ಗೊರಸಿನ ಗೋಡೆಯಲ್ಲಿ ತುದಿ ಕಾಣಬೇಕು, ಆ ತುದಿ ಕತ್ತರಿಸಿ ಮಡಚಬೇಕು. ಮೊಳೆ ಒಳಮುಖವಾದರೆ ಜೀವದುಗುರಿಗೆ ತಾಗುತ್ತದೆ. ಹೊಡೆಯುವಾಗಲೇ ಎತ್ತು ಕೊಸರುತ್ತದೆ, ಆ ಮೊಳೆ ಕೂಡಲೇ ಕೀಳಬೇಕು. ಬಿಟ್ಟರೆ ಮಾರನೆ ದಿನ ಕುಂಟು, ಗೊರಸು ಬಿಸಿ, ಆಮೇಲೆ ಕೀವು. ಎತ್ತನ್ನು ಮೇವು ತಿಂದ ಕೂಡಲೇ ಕೆಡವಬೇಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಡಾಂಬರಿನಲ್ಲಿ ಓಡಾಡುವ ಎತ್ತಿಗೆ ಒಂದು ಎರಡು ತಿಂಗಳಿಗೊಮ್ಮೆ ಬದಲಿಸಬೇಕು. ಬರೀ ಹೊಲದ ಕೆಲಸಕ್ಕಾದರೆ ಕಪ್ಪು ಮಣ್ಣಿನಲ್ಲಿ ಲಾಳವೇ ಬೇಡ.

ಬೆಣ್ಣೆಚಾವಡಿ:
ಎಲ್ಲರೂ ಹೋರಿಗಳನ್ನೇ ಬರೆದಿರಿ. ಹಸುವಿನ ಮಾತೂ ಇರಲಿ. ಈ ತಳಿಯ ಹಸು ಒಂದು ಸೂಲಿಗೆ ಕೊಡುವ ಹಾಲು ಸುಮಾರು 500, 600 ಲೀಟರ್, ಮೊದಲ ಕರು ಹಾಕುವುದು ನಾಲ್ಕು ವರ್ಷದ ಹೊತ್ತಿಗೆ. ಡೇರಿಗೆ ಹಾಕುವ ಲೆಕ್ಕದಲ್ಲಿ ಕೊಂಡರೆ ನಿರಾಸೆಯೇ. ಕರು ಮುಂದೆ ನಿಲ್ಲದೆ ಸೊರ ಬಿಡುವುದಿಲ್ಲ, ಹಿಂಡುವವರು ಬದಲಾದರೂ ಬಿಡುವುದಿಲ್ಲ. ಕಾವಲಿನಲ್ಲಿ ಹಾಲೆಲ್ಲ ಕರುವಿಗೇ, ಅದರಿಂದಲೇ ಆ ಹೋರಿಗಳಿಗೆ ಆ ಮೂಳೆ. ಮನೆಯಲ್ಲಿ ಕಟ್ಟುವವರು ಎರಡು ಮೊಲೆ ಕರುವಿಗೆ ಬಿಡಿ.

ಊರಿನ ವರ್ಷ ದನದ ಜೊತೆಗೇ ತಿರುಗುತ್ತದೆ. ಸಂಕ್ರಾಂತಿಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸುವುದು. ಮುಂಗಾರಿಗೆ ಕಾರಹುಣ್ಣಿಮೆ, ಅದಾದ ಅಮಾವಾಸ್ಯೆಗೆ ಮಣ್ಣೆತ್ತು. ಬಲಿಪಾಡ್ಯಮಿಗೆ ಗೋಪೂಜೆ. ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ಮಹಾನವಮಿ ಹೊತ್ತಿಗೆ, ಮಳೆ ಬೆಳೆ ಹೇಗೆ ಅಂತ ಅರ್ಥ ಹೇಳುವುದಕ್ಕೆ ಸುತ್ತಲ ಊರವರೆಲ್ಲ ಕಾಯುತ್ತಾರೆ. ಕೋಡಿಗೆ ಬಣ್ಣ ಹಚ್ಚುವವರಿಗೆ ಒಂದು ಮಾತು: ಗೋಡೆಗೆ ಬಳಿಯುವ ಎಣ್ಣೆ ಬಣ್ಣ ಬೇಡ, ನೆಕ್ಕಿದರೆ ಹೊಟ್ಟೆಗೆ ವಿಷ. ಕೆಮ್ಮಣ್ಣು, ಅರಿಸಿನ ಸಾಕು.

ಮುಳ್ಳುಬೇಲಿ:
ಹೋರಿ ಬೆದರಿಸುವ ಹಬ್ಬಕ್ಕೂ ಇದೇ ತಳಿ ಹೋಗುತ್ತದೆ. ಹಾವೇರಿ, ಶಿಕಾರಿಪುರ ಕಡೆಯವರು ಹರಾಜಿನಲ್ಲಿ ಕೂಗು ಏರಿಸುವುದೇ ಅದಕ್ಕೆ. ಇದರಿಂದ ಉಳುವ ರೈತನಿಗೆ ಜೋಡಿ ಸಿಗುವುದು ಕಷ್ಟವಾಗಿದೆ.

ಬಲಗೋಲು:
ನಿಜ. ಆದರೆ ಟ್ರ್ಯಾಕ್ಟರ್ ಬಂದ ಮೇಲೂ ಗಂಡುಗರುವಿಗೆ ಬೆಲೆ ಉಳಿಸಿದ್ದು ಅವರೇ. ಬೆಲೆ ಇಲ್ಲದ ಗಂಡುಗರುವಿನ ಗತಿ ಏನು ಅನ್ನುವುದು ಮಿಶ್ರತಳಿ ಸಾಕುವವರಿಗೆ ಗೊತ್ತು.

ಹಳೇಕಡತ:
ಚಳ್ಳಕೆರೆ ಕಡೆಯದನ್ನೂ ಈ ಚರ್ಚೆಗೆ ಸೇರಿಸಬೇಕು. ಅಲ್ಲಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳೂ ಅಮೃತ್ ಮಹಲ್ ಕಾವಲುಗಳೇ. ಡಿಆರ್‌ಡಿಒ, ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ), ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊಗಳಿಗೆ ಸುಮಾರು 10,000 ಎಕರೆ ಹೋಯಿತು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಅಲ್ಲಿ ಮೇಯುತ್ತಿದ್ದದ್ದು ಇಲಾಖೆಯ ಹಿಂಡಷ್ಟೇ ಅಲ್ಲ, ಊರಿನ ಕುರಿ ದನಗಳೂ. ಚಳ್ಳಕೆರೆಯ ಕಂಬಳಿ ನೇಯುವವರ ಉಣ್ಣೆಯೂ ಆ ಹುಲ್ಲಿನಿಂದಲೇ ಬರುತ್ತಿತ್ತು. ಅದೇ ಸೀಮೆಯಲ್ಲಿ ಮ್ಯಾಸಬೇಡರ ‘ದೇವರ ಎತ್ತು’ಗಳಿವೆ: ದೇವರಿಗೆ ಬಿಟ್ಟ ಹಿಂಡು, ನೊಗಕ್ಕೆ ಕಟ್ಟುವಂತಿಲ್ಲ, ಕಾಯುವವನು ಕಿಲಾರಿ. ಕಾವಲು ಹೋದರೆ ಅವನು ಹಿಂಡು ಹೊಡೆದುಕೊಂಡು ಎಲ್ಲಿಗೆ ಹೋಗಬೇಕು?

ಹಸಿರುಗೆರೆ:
ತಳಿ ಉಳಿಸುವುದಕ್ಕೆ ಕಾವಲೇ ಬೇಕು ಅನ್ನುವುದು ಭಾವುಕತೆ ಅಲ್ಲವೇ? ವೀರ್ಯ ತುಂಬಿ ಶೈತ್ಯದಲ್ಲಿಟ್ಟ ನಳಿಕೆ ಇದೆ, ಭ್ರೂಣ ವರ್ಗಾವಣೆ ಇದೆ. ಭೂಮಿ ಬೇರೆ ಕೆಲಸಕ್ಕೂ ಬೇಕು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹಾದು ಚಿತ್ರದುರ್ಗದ ಕಡೆ ಹೋಗುತ್ತದೆ. ನೀರಾವರಿ ಬಂದರೆ ರೈತ ಮೇವು ಬೆಳೆದು ಮನೆಯಲ್ಲೇ ಸಾಕಲಿ.

ದನದಡಾಕ್ಟರು:
ಕೃತಕ ಗರ್ಭಧಾರಣೆ ಬೇಡ ಅಂತ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಒಂದೆರಡು ಹಸು ಇರುವವರಿಗೆ ಅದೇ ದಾರಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆ ಬೆಳಿಗ್ಗೆ ಕೊಡಿಸಬೇಕು. ನಳಿಕೆ 37 ಡಿಗ್ರಿ ನೀರಿನಲ್ಲಿ 30 ಸೆಕೆಂಡು ಕರಗಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸಿದರೆ ಬಹಳಷ್ಟು ವೀರ್ಯಾಣು ಅಲ್ಲೇ ಹೋಗುತ್ತವೆ. ಈ ಹಸುಗಳ ಬೆದೆ ಮೆಲ್ಲನೆಯದು, ಕೂಗಾಟ ಕಡಿಮೆ. ಕಟ್ಟಿ ಹಾಕಿದ ಹಸುವಿನಲ್ಲಿ ಗುರುತಿಸುವುದಕ್ಕೆ ತಪ್ಪಿದರೆ 21 ದಿನ ಹಿಂದಕ್ಕೆ. ಕಾವಲಿನಲ್ಲಿ ಬೀಜದ ಹೋರಿ ಹಿಂಡಿನ ಜೊತೆಗೇ ಇರುತ್ತದೆ, ಅದಕ್ಕೆ ತಪ್ಪುವುದಿಲ್ಲ.

ಆದರೆ ನಳಿಕೆಯಲ್ಲಿ ಇರುವುದು ಅರ್ಧ ಮಾತ್ರ. ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡೆದು ಮೇಯ್ದ ಕರುವಿನ ಗೊರಸು, ಎದೆ, ತಾಳಿಕೆ, ಕೊಟ್ಟಿಗೆಯಲ್ಲಿ ನೇಪಿಯರ್ ಹುಲ್ಲು ತಿಂದು ಬೆಳೆದ ಅದರ ತಮ್ಮನಿಗೆ ಬರುವುದಿಲ್ಲ. ಅದೇ ರಕ್ತ ಇದ್ದರೂ ಬರುವುದಿಲ್ಲ. ಯಾವ ಹೋರಿಯನ್ನು ಬೀಜಕ್ಕೆ ಇಟ್ಟುಕೊಳ್ಳಬೇಕು ಅಂತ ಆರಿಸುತ್ತಿದ್ದದ್ದೂ ಕಾವಲೇ: ಬೇಸಿಗೆಯಲ್ಲಿ ಮೈ ಬಿಡದೆ ನಿಂತದ್ದು ಯಾವುದು, ಮಳೆಯಲ್ಲಿ ಗೊರಸು ಕೆಡದೆ ಉಳಿದದ್ದು ಯಾವುದು. ಆ ಪರೀಕ್ಷೆ ನಿಂತರೆ ನಾಲ್ಕೈದು ತಲೆಮಾರಿನಲ್ಲಿ ಕೋಡು, ಬಣ್ಣ ಉಳಿಯುತ್ತವೆ, ಎತ್ತು ಉಳಿಯುವುದಿಲ್ಲ.

ಕರಡಹುಲ್ಲು:
ಭದ್ರಾ ನೀರಿನ ಮಾತು ಬಂದಿದ್ದಕ್ಕೆ: ನೀರು ಬಂದ ಹೊಲಕ್ಕೆ ಮೊದಲು ಬರುವುದು ಅಡಿಕೆ, ಮೇವಲ್ಲ. ರಾಗಿ ಜೋಳ ಹೋದರೆ ಒಣಮೇವು ಹೋಯಿತು. ಒಂದು ಎತ್ತಿಗೆ ದಿನಕ್ಕೆ ಏಳೆಂಟು ಕೆ.ಜಿ. ಒಣಹುಲ್ಲು ಅಂತ ಹಿಡಿದರೂ ಜೋಡಿಗೆ ವರ್ಷಕ್ಕೆ ಐದು ಟನ್ನಿನ ಮೇಲೆ. ಅಡಿಕೆ ತೋಟದವನು ಅದನ್ನು ದುಡ್ಡು ಕೊಟ್ಟು ತರಬೇಕು. ಜೋಡಿ ಕಟ್ಟುವ ಯೋಚನೆ ಇದ್ದವರು ಹರಾಜಿಗೆ ಹೋಗುವ ಮುಂಚೆ ಬಣವೆ ಅಳೆಯಿರಿ.

ನೊಗಜೋಡಿ:
ಎಲ್ಲರಿಗೂ ವಂದನೆ. ಬಣವೆ ಇದೆ, ಗೂಟ ನೆಡಬೇಕು. ಹಳೇ ಎತ್ತು ಇಲ್ಲದವರು ಮೊದಲ ವಾರ ನೊಗಕ್ಕೆ ಏನು ಮಾಡಬೇಕು ಬಲಗೋಲು ಅಣ್ಣ?

ಬಲಗೋಲು:
ಪಕ್ಕದ ಊರಿನಲ್ಲಾದರೂ ಒಂದು ಹಳೇ ಎತ್ತು ಹುಡುಕಿ, ಹದಿನೈದು ದಿನಕ್ಕೆ ಬಾಡಿಗೆಗೆ ತನ್ನಿ. ಬಾಯಿ ಗೂಡಿದ, ಸಾಧು ಸ್ವಭಾವದ, ಹೋರಿಗಿಂತ ಸ್ವಲ್ಪ ಭಾರ ಇರುವುದು. ಸಿಗದೇ ಹೋದರೆ ಎರಡನ್ನೂ ಒಟ್ಟಿಗೆ ಬರೀ ನೊಗಕ್ಕೆ ಕಟ್ಟಿ, ಮುಂದೆ ಒಬ್ಬ, ಎರಡೂ ಪಕ್ಕ ಹಗ್ಗ ಹಿಡಿದು ಒಬ್ಬೊಬ್ಬ, ಮೂರು ಜನ ಬೇಕು. ಜತ್ತಿಗೆಯನ್ನು ಎಳೆದರೆ ಬಿಚ್ಚುವ ಗಂಟಿನಲ್ಲೇ ಕಟ್ಟಿ. ಒಂದು ಬಿದ್ದರೆ ನೊಗ ತಕ್ಷಣ ಕಳಚಬೇಕು, ಇಲ್ಲದಿದ್ದರೆ ಇನ್ನೊಂದರ ಕತ್ತು ಉಳಿಯದು.